ಕಡಲ ನಡುವಿನ ಉಕ್ಕಿನ ಕಟ್ಟಡಕ್ಕೆ ಆಯಸ್ಸು ಎಷ್ಟು? ಯಾವ ಲೆಕ್ಕ ಯಾರಿಗೆ ಸರಿ

ಶಿರಾಡಿಯೋ ಚಾರ್ಮಾಡಿಯೋ ಇಳಿಯದೆ ನಮ್ಮ ಕಡೆಯವರಿಗೆ ಸಮುದ್ರ ಕಾಣುವುದಿಲ್ಲ. ಆದರೂ ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಓದಿದ ಎಷ್ಟೋ ಮಕ್ಕಳು ಈಗ ಮುಂಬೈ, ಚೆನ್ನೈ, ಬೆಂಗಳೂರಿನ ಡಿಸೈನ್ ಆಫೀಸುಗಳಲ್ಲಿ ಕೂತು ತೈಲ ಪ್ಲಾಟ್‌ಫಾರಂಗಳ ಲೆಕ್ಕ ಹಾಕುತ್ತಿದ್ದಾರೆ. ಇಲ್ಲೇ ಎಂ.ಟೆಕ್ ಪ್ರಾಜೆಕ್ಟಿಗೆ ಇದೇ ವಿಷಯ ಹಿಡಿದವರೂ ಇದ್ದಾರೆ. ಇವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಹೀಗಿರುತ್ತದೆ: "ಮೇಡಂ, ಫೆಟೀಗ್‌ಗೆ ಡಿಟರ್ಮಿನಿಸ್ಟಿಕ್ ಮಾಡಲಾ, ಸ್ಪೆಕ್ಟ್ರಲ್ ಮಾಡಲಾ? ಟೈಮ್ ಡೊಮೇನ್ ಮಾಡಿದ್ರೆ ಒಳ್ಳೇದಲ್ವಾ? ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಯಾವಾಗ ಬೇಕು?"

ಫೆಟೀಗ್ ಎಂದರೆ ಅಲೆಯ ಪೆಟ್ಟು ಮತ್ತೆ ಮತ್ತೆ ಬಿದ್ದು ಉಕ್ಕು ದಣಿದು ಬಿರುಕು ಬಿಡುವುದು, ಉಳಿದವು ಅದರ ಲೆಕ್ಕ ಹಾಕುವ ವಿಧಾನಗಳ ಹೆಸರು. ಹೆಚ್ಚು ಕಷ್ಟದ ಲೆಕ್ಕವೇ ಹೆಚ್ಚು ಸರಿಯಾದ ಲೆಕ್ಕ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದೆ ಇರುತ್ತದೆ. ಆ ನಂಬಿಕೆ ಬಿಡಿ ಎನ್ನುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕೈಯಲ್ಲಿರುವ ಮಾಹಿತಿ ಎಂಥದ್ದು, ಅಲೆ ಬಡಿದಾಗ ಕಟ್ಟಡ ಹೇಗೆ ಅಲುಗುತ್ತದೆ, ಉತ್ತರ ಬಂದ ಮೇಲೆ ಏನು ತೀರ್ಮಾನ ಮಾಡಬೇಕಿದೆ ಎಂಬ ಮೂರನ್ನು ನೋಡಿ ವಿಧಾನ ಆರಿಸಬೇಕು.

ಈ ಲೆಕ್ಕಕ್ಕೆ ಇಷ್ಟು ತೂಕ ಏಕೆ ಎನ್ನುವವರು 1980ರ ಮಾರ್ಚ್ 27ರ ಘಟನೆಯನ್ನು ಓದಬೇಕು. ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರದಲ್ಲಿ ಕೆಲಸಗಾರರ ವಸತಿಗೆಂದು ನಿಂತಿದ್ದ 'ಅಲೆಕ್ಸಾಂಡರ್ ಎಲ್. ಕೀಲಾಂಡ್' ಎಂಬ ತೇಲುವ ರಿಗ್ ಆ ಸಂಜೆಯ ಬಿರುಗಾಳಿಯಲ್ಲಿ ಮಗುಚಿತು. ಅದರಲ್ಲಿದ್ದ 212 ಜನರಲ್ಲಿ 123 ಮಂದಿ ಸತ್ತರು. ತನಿಖೆ ಕೊನೆಗೆ ಹೋಗಿ ನಿಂತದ್ದು ಡಿ-6 ಎಂಬ ಬ್ರೇಸಿನ (ಕಾಲುಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಕೊಳವೆ) ಮೇಲೆ. ಹೈಡ್ರೋಫೋನ್ ಎಂಬ ಸಣ್ಣ ಉಪಕರಣ ಕೂರಿಸಲು ಆ ಬ್ರೇಸಿಗೆ ಒಂದು ಹಿಡಿಕೆಯನ್ನು ಬೆಸೆದಿದ್ದರು. ಆ 6 ಮಿಮೀ ಫಿಲೆಟ್ ವೆಲ್ಡಿನಲ್ಲಿ (ಮೂಲೆಯ ಬೆಸುಗೆಯಲ್ಲಿ) ಹುಟ್ಟಿದ ಬಿರುಕು ಅಲೆಯಿಂದ ಅಲೆಗೆ ಬೆಳೆದು ಇಡೀ ಬ್ರೇಸನ್ನು ತುಂಡರಿಸಿತು. ಉಳಿದ ಬ್ರೇಸುಗಳು ಆ ಭಾರ ತಾಳದೆ ಒಂದರ ಹಿಂದೊಂದು ಹೋದವು, ರಿಗ್ಗಿನ ಐದು ಕಾಲುಗಳಲ್ಲಿ ಒಂದು ಕಳಚಿಕೊಂಡಿತು. ಬಿರುಕಿನ ಮೇಲ್ಮೈಯಲ್ಲಿ ಬಣ್ಣದ ಗುರುತು ಸಿಕ್ಕಿತ್ತು. ಅಂದರೆ ಬಣ್ಣ ಬಳಿಯುವ ಹೊತ್ತಿಗೇ ಅಲ್ಲಿ ಬಿರುಕಿತ್ತು. ಸತ್ತವರ ಲೆಕ್ಕದ ಮುಂದೆ ಆ ಹಿಡಿಕೆಯ ಗಾತ್ರ ಇಟ್ಟು ನೋಡಿದರೆ ಇಂದಿಗೂ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ರಿಗ್ಗಿನ ಬಲದ ಲೆಕ್ಕ ಹಾಕಿದವರ ಗಮನಕ್ಕೆ ಬರುವಂಥ ಭಾಗವೇ ಅದಾಗಿರಲಿಲ್ಲ.

ಮೊದಲು ಅಳತೆಗೋಲು

ಯಾವ ವಿಧಾನವನ್ನೇ ತೂಗಿ ನೋಡಿ, ಈ ಪ್ರಶ್ನೆಗಳನ್ನು ಎದುರಿಗಿಟ್ಟುಕೊಳ್ಳಿ. ಆ ಜಾಗದ ಅಲೆಗಳ ಬಗ್ಗೆ ನಿಮಗೆ ಏನು ಗೊತ್ತು? ಯಾವ ಎತ್ತರ, ಅವಧಿ, ದಿಕ್ಕಿನ ಅಲೆ ಎಷ್ಟು ಸಲ ಬರುತ್ತದೆ ಎಂದು ಮನೆಮನೆಯಾಗಿ ತೋರಿಸುವ ಸ್ಕ್ಯಾಟರ್ ಡಯಾಗ್ರಾಂ ಎಂಬ ಕೋಷ್ಟಕ ಇದೆಯೋ, ಬರೀ ಎತ್ತರದ ಪಟ್ಟಿ ಇದೆಯೋ? ಕಟ್ಟಡದ ಸಹಜ ಅವಧಿ, ಅಂದರೆ ಅದು ತಾನಾಗಿ ಒಮ್ಮೆ ಅತ್ತಿತ್ತ ತೂಗಲು ಹಿಡಿಯುವ ಸಮಯ, ಎಷ್ಟು ಸೆಕೆಂಡು? ಅದು ಅಲೆಯ ಅವಧಿಗೆ ಹತ್ತಿರ ಬರುತ್ತದೆಯೋ? ಬಲಗಳು ಅಲೆಯ ಎತ್ತರಕ್ಕೆ ನೇರ ಅನುಪಾತದಲ್ಲಿವೆಯೋ? ನೀವು ಲೆಕ್ಕ ಹಾಕುವ ಜಾಯಿಂಟ್ (ಕೊಳವೆಗಳನ್ನು ಬೆಸೆದು ಕೂಡಿಸಿದ ಜಾಗ) ಹತ್ತಿರ ಮುಂದೆ ಯಾರಾದರೂ ಹೋಗಿ ನೋಡಲು ಸಾಧ್ಯವೋ? ಇವಾದ ಮೇಲೆ ನಿಮ್ಮ ಸಮಯ, ಕಂಪ್ಯೂಟರು, ಸಾಫ್ಟ್‌ವೇರ್ ಲೈಸೆನ್ಸಿನ ಮಾತು.

ನೋಡಲು ಸಾಧ್ಯವೋ ಎಂಬುದನ್ನು ಹೊಸಬರು ಲಘುವಾಗಿ ತೆಗೆದುಕೊಳ್ಳುತ್ತಾರೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐಯ ಆರ್‌ಪಿ 2ಎ ನಿಯಮದಲ್ಲಿ, ಮುರಿದರೂ ಕಟ್ಟಡಕ್ಕೆ ದೊಡ್ಡ ಅಪಾಯವಿಲ್ಲದ, ತಪಾಸಣೆಗೆ ಸಿಗುವ ಜಾಯಿಂಟಿಗೆ ಸುರಕ್ಷಾ ಗುಣಕ 2. ಮುರಿದರೆ ಕಟ್ಟಡವೇ ಹೋಗುವ, ತಪಾಸಣೆಗೂ ಸಿಗದ ಜಾಯಿಂಟಿಗೆ 10. 25 ವರ್ಷ ಬಾಳಬೇಕಾದ ಪ್ಲಾಟ್‌ಫಾರಂನ ಅಂಥ ಜಾಯಿಂಟಿಗೆ ಲೆಕ್ಕದಲ್ಲಿ 250 ವರ್ಷ ಬರಬೇಕು. ಇದನ್ನು ನೋಡಿ "ಅತಿಯಾಯಿತು" ಎನ್ನುವವರಿದ್ದಾರೆ. ಮುಂದಿನ ಅಂಕಿಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ.

ಎಲ್ಲ ದಾರಿಗೂ ತಳಹದಿ ಒಂದೇ

ಬಿರುಕಿನ ಬೆಳವಣಿಗೆಯನ್ನೇ ಲೆಕ್ಕ ಹಾಕುವ ವಿಧಾನವೊಂದನ್ನು ಬಿಟ್ಟರೆ ಉಳಿದೆಲ್ಲವೂ ಎಸ್-ಎನ್ ಕರ್ವ್ ಮೇಲೆಯೇ ನಿಂತಿವೆ. ಇಷ್ಟು ಸ್ಟ್ರೆಸ್ ರೇಂಜ್ (ಅಲೆ ಹಾದಾಗ ಉಕ್ಕಿನೊಳಗಿನ ಒತ್ತಡದ ಏರಿಳಿತ; ಒಂದು ಏರಿಳಿತ ಎಂದರೆ ಒಂದು ಸೈಕಲ್) ಎಷ್ಟು ಸಲ ಬಂದರೆ ವೆಲ್ಡ್ ಸೋಲುತ್ತದೆ ಎನ್ನುವ ಗೆರೆ ಅದು. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವ್ಯೋಲರ್ ರೈಲಿನ ಅಚ್ಚುಗಳ ಮೇಲೆ ಪ್ರಯೋಗ ಮಾಡಿ ಈ ದಾರಿ ತೆರೆದರು. ಬೇರೆ ಬೇರೆ ಅಲೆಗಳು ಮಾಡುವ ಹಾನಿಯನ್ನು ಕೂಡಿಸುತ್ತಾ ಹೋಗಿ, ಮೊತ್ತ 1 ಮುಟ್ಟಿದರೆ ಆಯಸ್ಸು ಮುಗಿಯಿತು ಎನ್ನುವ ಸರಳ ಕೂಡಿಕೆಯನ್ನು 1924ರಲ್ಲಿ ಪಾಮ್‌ಗ್ರೆನ್, 1945ರಲ್ಲಿ ಮೈನರ್ ಹೇಳಿದರು. ಇವತ್ತಿಗೂ ಅದೇ ನಡೆಯುತ್ತಿದೆ.

ಡಿಎನ್‌ವಿ ಸಂಸ್ಥೆಯ ಆರ್‌ಪಿ-ಸಿ203 ನಿಯಮದಲ್ಲಿರುವ 'ಡಿ' ದರ್ಜೆಯ ವೆಲ್ಡಿನ ಎಸ್-ಎನ್ ಕರ್ವ್ ತೆಗೆದುಕೊಂಡು ಕ್ಯಾಲ್ಕುಲೇಟರ್ ಹಿಡಿದು ಕೂರಿ. ಗಾಳಿಯಲ್ಲಿ 80 ಮೆಗಾಪಾಸ್ಕಲ್ ರೇಂಜಿಗೆ ಸುಮಾರು 28.5 ಲಕ್ಷ ಸೈಕಲ್ ಬರುತ್ತದೆ. ಅದೇ ವೆಲ್ಡ್ ಸಮುದ್ರದ ನೀರಿನಲ್ಲಿ ಕೆಥೋಡಿಕ್ ರಕ್ಷಣೆಯೊಡನೆ (ತಾನು ಸವೆದು ಉಕ್ಕನ್ನು ತುಕ್ಕಿನಿಂದ ಕಾಯುವ ಆನೋಡು ಎಂಬ ಲೋಹದ ತುಂಡುಗಳನ್ನು ಕಟ್ಟಿ) ಇದ್ದರೆ 12 ಲಕ್ಷದ ಆಸುಪಾಸು. ರಕ್ಷಣೆಯಿಲ್ಲದೆ ತುಕ್ಕು ಹಿಡಿಯಲು ಬಿಟ್ಟರೆ 9.5 ಲಕ್ಷ. ವ್ಯತ್ಯಾಸ ಅಷ್ಟೇನಿಲ್ಲ ಅನ್ನಿಸಬಹುದು. ಈಗ 30 ಮೆಗಾಪಾಸ್ಕಲ್‌ಗೆ ಇಳಿಸಿ. ಕೆಥೋಡಿಕ್ ರಕ್ಷಣೆ ಇದ್ದರೆ ಗಾಳಿಯಲ್ಲಿದ್ದಷ್ಟೇ, ಅಂದರೆ ಸುಮಾರು 16.6 ಕೋಟಿ ಸೈಕಲ್ ಸಿಗುತ್ತದೆ. ರಕ್ಷಣೆ ಇಲ್ಲದಿದ್ದರೆ ಬರೀ 1.8 ಕೋಟಿ. ಒಂಬತ್ತು ಪಟ್ಟು ಅಂತರ! ಕಡಲಿನಲ್ಲಿ ಬಹುಪಾಲು ಅಲೆಗಳು ಚಿಕ್ಕವು, ಅವು ತರುವುದು ಇಂಥ ಚಿಕ್ಕ ರೇಂಜುಗಳನ್ನೇ. ಸರಾಸರಿ 8 ಸೆಕೆಂಡಿಗೆ ಒಂದು ಅಲೆ ಎಂದುಕೊಂಡರೂ ವರ್ಷಕ್ಕೆ 39 ಲಕ್ಷ ಅಲೆ, 25 ವರ್ಷಕ್ಕೆ ಹತ್ತು ಕೋಟಿಯ ಸಮೀಪ. ಹಾಗಾಗಿ ಕಾಲಿಗೆ ಕಟ್ಟಿದ ಆನೋಡುಗಳು ಸವೆದುಹೋಗಿವೆಯೋ ಇಲ್ಲವೋ ಎಂಬ ಒಂದು ವಿಷಯಕ್ಕೆ ನೀವು ಆರಿಸುವ ವಿಧಾನಕ್ಕಿಂತ ಹೆಚ್ಚಿನ ತೂಕವಿದೆ.

ಇನ್ನೊಂದನ್ನೂ ಗಮನಿಸಿ. ಈ ಗೆರೆಯ ಇಳಿಜಾರು ಮೊದಲ ಭಾಗದಲ್ಲಿ 3, ಆಮೇಲೆ 5. ಹಾಗಾಗಿ ಸ್ಟ್ರೆಸ್ ಶೇ. 20ರಷ್ಟು ಹೆಚ್ಚಿದರೆ ಹಾನಿ 1.7 ಪಟ್ಟಿನಿಂದ 2.5 ಪಟ್ಟಿನವರೆಗೆ ಏರುತ್ತದೆ. ಕೊಳವೆಗೆ ಕೊಳವೆ ಕೂಡುವಲ್ಲಿ ಸ್ಟ್ರೆಸ್ ಎಷ್ಟು ಪಟ್ಟು ಗುಡ್ಡೆಯಾಗುತ್ತದೆ ಎನ್ನುವ ಎಸ್‌ಸಿಎಫ್ ಅಂಕಿಯನ್ನು ಎಫ್ತಿಮಿಯು ಸೂತ್ರಗಳಿಂದ ತೆಗೆಯುತ್ತೇವೆ. ಜಾಯಿಂಟಿನ ಆಕಾರ ಆ ಸೂತ್ರಗಳ ಮಿತಿಯೊಳಗೆ ಇಲ್ಲದಿದ್ದರೆ, ಆ ಒಂದು ಅಂಕಿಯಲ್ಲಿ ನುಸುಳಿದ ತಪ್ಪನ್ನು ಮುಂದಿನ ಯಾವ ಸೂಕ್ಷ್ಮ ಲೆಕ್ಕವೂ ಸರಿಪಡಿಸಲಾರದು.

ವೈಬುಲ್ ಸೂತ್ರದ ಸರಳ ಲೆಕ್ಕ

ದೀರ್ಘಕಾಲದ ಸ್ಟ್ರೆಸ್ ರೇಂಜುಗಳು ಚಿಕ್ಕವು ಹೆಚ್ಚು, ದೊಡ್ಡವು ಅಪರೂಪ ಎನ್ನುವ ವೈಬುಲ್ ಹಂಚಿಕೆಯಂತೆ ಇವೆ ಎಂದುಕೊಂಡು, ಅತಿ ದೊಡ್ಡ ರೇಂಜ್ ಮತ್ತು ಆಕಾರ ಗುಣಕ ಎಂಬ ಎರಡೇ ಅಂಕಿಯಿಂದ ಹಾನಿ ತೆಗೆಯುವುದು ಈ ವಿಧಾನ. ಒಂದು ಎಕ್ಸೆಲ್ ಹಾಳೆ ಸಾಕು. ಚಿಕ್ಕಮಗಳೂರಿನ ತೋಟದವರು ಹೂಮಳೆ ಬಿದ್ದ ಮೇಲೆ ಹೂ ನೋಡಿ ಫಸಲು ಅಂದಾಜು ಮಾಡುತ್ತಾರಲ್ಲ, ಅಂಥ ಕೆಲಸಕ್ಕೆ ಇದು ಬಹಳ ಚೆನ್ನ. ನೂರಾರು ಜಾಯಿಂಟುಗಳಲ್ಲಿ ಯಾವುದರ ಕಡೆ ಕಣ್ಣಿಡಬೇಕು ಎಂದು ಬೇಗ ಹೇಳುತ್ತದೆ.

ಆದರೆ ಕೊನೆಯ ಉತ್ತರವನ್ನು ಇದರಿಂದ ತೆಗೆಯಬೇಡಿ. ಇಳಿಜಾರು 3, ಸೈಕಲ್ 10 ಕೋಟಿ ಎಂದಿಟ್ಟುಕೊಂಡು ಆಕಾರ ಗುಣಕವನ್ನು 0.8ರಿಂದ 1.0ಕ್ಕೆ ಬದಲಿಸಿ ನೋಡಿ, ಹಾನಿ ಮೂರು ಪಟ್ಟಿಗೂ ಮೀರಿ ಏರುತ್ತದೆ. 0.8 ಸರಿಯೋ 1.0 ಸರಿಯೋ ಎಂದು ಹೇಳಲು ನಿಮ್ಮ ಬಳಿ ಬೇರೆ ಆಧಾರ ಇಲ್ಲದಿದ್ದರೆ, ಬಂದ ಆಯಸ್ಸಿಗೆ ಎಷ್ಟು ಬೆಲೆ ಕೊಡಬೇಕೆಂದು ನೀವೇ ಯೋಚಿಸಿ.

ಡಿಟರ್ಮಿನಿಸ್ಟಿಕ್: ಅಲೆಯನ್ನು ಒಂದೊಂದಾಗಿ ಹಾಯಿಸುವುದು

ಆಯ್ದ ಎತ್ತರ, ಅವಧಿಗಳ ಅಲೆಗಳನ್ನು ಒಂದೊಂದಾಗಿ ಕಟ್ಟಡದ ಮೂಲಕ ಹಾಯಿಸಿ, ಪ್ರತಿ ಜಾಯಿಂಟಿನ ಸ್ಟ್ರೆಸ್ ರೇಂಜ್ ತೆಗೆದು, ಅಂಥ ಅಲೆ ವರ್ಷಕ್ಕೆ ಎಷ್ಟು ಬರುತ್ತದೆ ಎಂಬುದರಿಂದ ಗುಣಿಸುತ್ತಾರೆ. ಇದರ ದೊಡ್ಡ ಗುಣವೆಂದರೆ ಬಲದ ನಿಜರೂಪ ಉಳಿಯುತ್ತದೆ. ಸಪೂರ ಕೊಳವೆಗಳ ಮೇಲೆ ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನೀರಿನ ಮಟ್ಟದ ಹತ್ತಿರದ ಸದಸ್ಯಗಳು ಒಮ್ಮೆ ಮುಳುಗಿ ಒಮ್ಮೆ ಮೇಲೆ ಬರುತ್ತವೆ. ಇವನ್ನೆಲ್ಲ ಇದು ಇದ್ದ ಹಾಗೇ ಹಿಡಿಯುತ್ತದೆ. ಅಲೆ ಎತ್ತರದ ಪಟ್ಟಿ ಮಾತ್ರ ಇರುವ ಹಳೆಯ ಪ್ಲಾಟ್‌ಫಾರಂಗಳಿಗೆ ಬೇರೆ ದಾರಿಯೂ ಇರುವುದಿಲ್ಲ.

ಇದರ ಅಪಾಯ ಅವಧಿಯ ಆಯ್ಕೆಯಲ್ಲಿದೆ. ಎದುರುಬದುರು ಕಾಲುಗಳ ನಡುವೆ 40 ಮೀಟರ್ ಅಂತರವಿರುವ ಜಾಕೆಟ್ (ಕಡಲ ತಳದಲ್ಲಿ ನಿಂತು ಮೇಲಿನ ಭಾರ ಹೊರುವ ಕೊಳವೆಗಳ ಚೌಕಟ್ಟು) ಒಂದನ್ನು ಎದುರಿಗಿಟ್ಟುಕೊಳ್ಳಿ. ಆಳದ ನೀರಿನಲ್ಲಿ ಅಲೆಯ ಉದ್ದ, ಅವಧಿಯ ವರ್ಗದ 1.56 ಪಟ್ಟು. 5 ಸೆಕೆಂಡಿನ ಅಲೆಯ ಉದ್ದ 39 ಮೀಟರ್, ಹಾಗಾಗಿ ಎರಡೂ ಕಾಲಿಗೆ ಅಲೆಯ ತಲೆ ಹೆಚ್ಚುಕಡಿಮೆ ಒಟ್ಟಿಗೇ ಬಡಿಯುತ್ತದೆ, ಬಲ ಕೂಡಿಕೊಳ್ಳುತ್ತದೆ. ಸುಮಾರು 7.2 ಸೆಕೆಂಡಿನ ಅಲೆಗೆ ಉದ್ದ 80 ಮೀಟರ್. ಒಂದು ಕಾಲಿನಲ್ಲಿ ತಲೆ, ಇನ್ನೊಂದರಲ್ಲಿ ತಗ್ಗು. ಬಲಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ನಿಮ್ಮ ಪಟ್ಟಿಯಲ್ಲಿ 7 ಸೆಕೆಂಡಿನ ಅಲೆ ಇದ್ದು 5 ಸೆಕೆಂಡಿನದು ಇಲ್ಲದಿದ್ದರೆ ಆಯಸ್ಸು ಸುಳ್ಳೇ ಉದ್ದವಾಗಿ ಕಾಣುತ್ತದೆ. ಒಳ್ಳೆಯ ಎಂಜಿನಿಯರ್ ಅಲೆಗಳನ್ನು ಆರಿಸುವ ಮುಂಚೆ ಕಾಲುಗಳ ಅಂತರ ಅಳೆದು ಈ ಲೆಕ್ಕ ಮಾಡಿಕೊಳ್ಳುತ್ತಾರೆ. ಪ್ರತಿ ದಿಕ್ಕಿಗೂ ಅಂತರ ಬೇರೆಯಾಗುತ್ತದೆ ಎಂಬುದನ್ನೂ ಮರೆಯುವುದಿಲ್ಲ.

ಕಟ್ಟಡದ ಅಲುಗಾಟವನ್ನು ಒಂದು ವರ್ಧನ ಗುಣಕದಿಂದ ಸೇರಿಸಿಕೊಳ್ಳಬಹುದು, ಆದರೆ ಅದಕ್ಕೆ ಮಿತಿಯಿದೆ. ಸರಳ ವಿಶ್ಲೇಷಣೆಗೆ ಎಪಿಐ ಹಾಕಿರುವ ಗಡಿ ಇಲ್ಲಿ ನೆನಪಿಡಬೇಕಾದದ್ದು: ನೀರಿನ ಆಳ 122 ಮೀಟರಿಗಿಂತ ಕಡಿಮೆ, ಸಹಜ ಅವಧಿ 3 ಸೆಕೆಂಡಿಗಿಂತ ಕಡಿಮೆ, ಒಂದು ಸದಸ್ಯ ಹೋದರೂ ಭಾರ ಹಂಚಿಕೊಳ್ಳುವ ಚೌಕಟ್ಟು. ಮುಂಬೈನಿಂದ ಸುಮಾರು 160 ಕಿಮೀ ಪಶ್ಚಿಮಕ್ಕಿರುವ ಬಾಂಬೆ ಹೈನಂಥ, ಎಪ್ಪತ್ತು ಎಂಬತ್ತು ಮೀಟರ್ ಆಳದ ಕಡಲಿನ ಜಾಕೆಟುಗಳು ಆಳದ ಮಟ್ಟಿಗೆ ಈ ಗಡಿಯೊಳಗೆ ಬರುತ್ತವೆ.

ಸ್ಪೆಕ್ಟ್ರಲ್: ಎಲ್ಲ ಅವಧಿಗಳನ್ನೂ ಒಟ್ಟಿಗೆ

ಇಲ್ಲಿ ಒಂದು ಮೀಟರ್ ಎತ್ತರದ ಅಲೆಗೆ ಜಾಯಿಂಟಿನ ಸ್ಟ್ರೆಸ್ ಎಷ್ಟು ಎಂಬ ಟ್ರಾನ್ಸ್‌ಫರ್ ಫಂಕ್ಷನ್ನನ್ನು ಎಲ್ಲ ಅವಧಿಗಳಿಗೂ ತೆಗೆದು, ಜಾನ್‌ಸ್ವಾಪ್ ಅಥವಾ ಪಿಯರ್ಸನ್-ಮಾಸ್ಕೊವಿಟ್ಜ್ ಎಂಬ, ಅಲೆಗಳ ಶಕ್ತಿ ಯಾವ ಅವಧಿಯಲ್ಲಿ ಎಷ್ಟಿದೆ ಎಂದು ಹೇಳುವ ಅಲೆ ಸ್ಪೆಕ್ಟ್ರಮ್‌ಗಳೊಡನೆ ಕೂಡಿಸುತ್ತಾರೆ. ಮೇಲೆ ಹೇಳಿದ 5 ಸೆಕೆಂಡು, 7 ಸೆಕೆಂಡಿನ ತೊಡಕು ಇಲ್ಲಿ ತಾನಾಗಿಯೇ ಬಗೆಹರಿಯುತ್ತದೆ. ಅವಧಿಗಳನ್ನು ಸಾಕಷ್ಟು ಒತ್ತಾಗಿ ಇಟ್ಟರೆ ಸಾಕು. ಕಟ್ಟಡದ ಅಲುಗಾಟವೂ ಲೆಕ್ಕದೊಳಗೇ ಬರುತ್ತದೆ. ಆಳದ ನೀರಿನ ಜಾಕೆಟ್‌ಗೆ ನನ್ನ ಮೊದಲ ಆಯ್ಕೆ ಇದೇ.

ಕೊಡಬೇಕಾದ ಬೆಲೆಯೂ ಇದೆ. ಎಲ್ಲವೂ ನೇರ ಅನುಪಾತದಲ್ಲಿರಬೇಕು ಎಂಬುದು ಈ ವಿಧಾನದ ಷರತ್ತು. ಎಳೆತದ ಬಲವನ್ನು ಅದಕ್ಕಾಗಿ ನೇರಗೊಳಿಸಬೇಕು, ಸಾಮಾನ್ಯವಾಗಿ ಎತ್ತರಕ್ಕೂ ಉದ್ದಕ್ಕೂ 1:20ರಿಂದ 1:25ರ ಅನುಪಾತವಿರುವ ಅಲೆ ಇಟ್ಟುಕೊಂಡು. ಅಳತೆಗೆ ಹಿಡಿದ ಅಲೆ ಅತಿ ದೊಡ್ಡದಾದರೆ ಚಿಕ್ಕ ಅಲೆಗಳ ಹಾನಿ ಉಬ್ಬುತ್ತದೆ. ನೀರಿನ ಮಟ್ಟದ ಹತ್ತಿರದ ಸಪೂರ ಬ್ರೇಸುಗಳಿಗೆ ಈ ಉತ್ತರವನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಕೆಲವನ್ನು ಡಿಟರ್ಮಿನಿಸ್ಟಿಕ್‌ನಲ್ಲಿ ಮತ್ತೊಮ್ಮೆ ನೋಡಿ. ಸ್ಟ್ರೆಸ್ ಒಂದೇ ಆವರ್ತನದ ಸುತ್ತ ಇದೆ ಎಂದುಕೊಳ್ಳುವ ರೇಲೀ ಊಹೆ ಹಾನಿಯನ್ನು ಹೆಚ್ಚು ತೋರಿಸುವ ಕಡೆಗೇ ವಾಲುತ್ತದೆ. ಡಿರ್ಲಿಕ್ 1985ರಲ್ಲಿ ಕೊಟ್ಟ ಸೂತ್ರ ನಿಜಕ್ಕೆ ಹತ್ತಿರ ಬರುತ್ತದೆ. ಹೊಸ ವಿನ್ಯಾಸಕ್ಕೆ ರೇಲೀ ಸಾಕು, ಹಳೆಯ ಕಟ್ಟಡದಲ್ಲಿ ಇನ್ನೆಷ್ಟು ಆಯಸ್ಸು ಉಳಿದಿದೆ ಎಂದು ಹುಡುಕುವಾಗ ಡಿರ್ಲಿಕ್ ಬೇಕಾಗುತ್ತದೆ.

ಅರಬ್ಬಿ ಸಮುದ್ರದ ವಿಷಯಕ್ಕೆ ಬಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನಲ್ಲೇ ದೊಡ್ಡ ಅಲೆಗಳು, ಅವೂ ನೈಋತ್ಯದ ಕಡೆಯಿಂದ. ಎಲ್ಲ ದಿಕ್ಕಿಗೂ ಸಮನಾಗಿ ಹಂಚಿದ ಸ್ಕ್ಯಾಟರ್ ಡಯಾಗ್ರಾಂ ಕೊಟ್ಟರೆ ಒಪ್ಪಬೇಡಿ. ಒಂದು ಮುಖದ ಜಾಯಿಂಟುಗಳು ತಿನ್ನುವ ಪೆಟ್ಟು ಅದರಲ್ಲಿ ಸರಾಸರಿಯಾಗಿ ಮರೆಯಾಗಿಬಿಡುತ್ತದೆ.

ಟೈಮ್ ಡೊಮೇನ್

ಸೆಕೆಂಡಿನ ತುಣುಕು ತುಣುಕಿಗೂ ಕಟ್ಟಡದ ಸ್ಟ್ರೆಸ್ ತೆಗೆದು, 1968ರಲ್ಲಿ ಮತ್ಸುಯಿಶಿ ಮತ್ತು ಎಂಡೊ ಹೇಳಿಕೊಟ್ಟ ರೈನ್‌ಫ್ಲೋ ವಿಧಾನದಿಂದ ಸೈಕಲ್ ಎಣಿಸುವುದು. ಯಾವ ಅಂಕುಡೊಂಕನ್ನೂ ಇದು ಹಿಡಿಯಬಲ್ಲದು. ಲಂಗರಿನ ಸರಪಳಿ, ರೈಸರ್ (ಕಡಲ ತಳದಿಂದ ತೈಲ ಮೇಲೆ ತರುವ ಕೊಳವೆ), ಕಡಲಿನ ಗಾಳಿಯಂತ್ರ, ಇವಕ್ಕೆ ಸಾಮಾನ್ಯವಾಗಿ ಇದೇ ಬೇಕು. ಗಾಳಿಯಂತ್ರದಲ್ಲಿ ಗಾಳಿ, ಅಲೆ, ರೆಕ್ಕೆಯ ಕೋನ ತಿದ್ದುವ ನಿಯಂತ್ರಣ ಮೂರೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆ, ಬಿಡಿಸಿ ನೋಡಲು ಆಗುವುದಿಲ್ಲ. ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ 500 ಮೆಗಾವ್ಯಾಟ್ ಗಾಳಿವಿದ್ಯುತ್ತಿನ ನೆರವಿಗೆ ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ಕೆಲಸದ ಕಡೆ ಮನಸ್ಸಿರುವವರು ಈಗಿನಿಂದಲೇ ಓಪನ್‌ಫಾಸ್ಟ್ ಕಲಿಯಿರಿ, ಗಾಳಿಯಂತ್ರದ ಲೆಕ್ಕಕ್ಕಿರುವ ಆ ಸಾಫ್ಟ್‌ವೇರ್ ಉಚಿತ.

ಸಾಮಾನ್ಯ ಜಾಕೆಟ್‌ಗೆ ಇದು ಬೇಕೇ? ಸ್ಕ್ಯಾಟರ್ ಡಯಾಗ್ರಾಂನಲ್ಲಿ 100 ಮನೆಗಳು, 8 ದಿಕ್ಕು, ಪ್ರತಿಯೊಂದಕ್ಕೂ 6 ಸಲ ಬೇರೆ ಬೇರೆ ಯಾದೃಚ್ಛಿಕ ಅಲೆಸಾಲು ಎಂದರೆ 4,800 ರನ್. ಸಮಯ ಉಳಿಸಲು 6ರ ಜಾಗದಲ್ಲಿ 1 ಇಟ್ಟರೆ ಉತ್ತರವೇ ಅಲ್ಲಾಡುತ್ತದೆ, ಏಕೆಂದರೆ ಒಂದೆರಡು ದೊಡ್ಡ ಅಲೆ ಸಿಕ್ಕವೋ ಇಲ್ಲವೋ ಎಂಬುದರ ಮೇಲೆ ಹಾನಿ ಬಹಳ ಬದಲಾಗುತ್ತದೆ. ಅಲೆಯ ಮಾಹಿತಿಯೇ ಅರೆಬರೆಯಾಗಿದ್ದಾಗ ಇಷ್ಟು ಕಂಪ್ಯೂಟರ್ ಸಮಯ ಸುರಿಯುವುದರಲ್ಲಿ ಅರ್ಥವಿಲ್ಲ.

ಫ್ರ್ಯಾಕ್ಚರ್ ಮೆಕ್ಯಾನಿಕ್ಸ್

ಮೇಲಿನ ನಾಲ್ಕಕ್ಕೂ ಇದಕ್ಕೂ ಸ್ಪರ್ಧೆಯಿಲ್ಲ, ಇದರ ಪ್ರಶ್ನೆಯೇ ಬೇರೆ. ಬಿರುಕು ಈಗ ಇಷ್ಟಿದೆ, ಮುಂದೆ ಎಷ್ಟು ದಿನ ತಾಳುತ್ತದೆ? ಪ್ಯಾರಿಸ್ ನಿಯಮದಂತೆ ಒಂದೊಂದು ಸೈಕಲ್‌ಗೂ ಬಿರುಕು ಎಷ್ಟು ಮುಂದೆ ಹೋಗುತ್ತದೆ ಎಂದು ಕೂಡಿಸುತ್ತಾ ಹೋಗುತ್ತೇವೆ, ಬ್ರಿಟನ್ನಿನ ಬಿಎಸ್ 7910ರಲ್ಲಿ ಇದರ ಕ್ರಮವಿದೆ.

ಸರಳವಾಗಿ, ಪ್ಯಾರಿಸ್ ನಿಯಮದ ಘಾತ 3, ಬಿರುಕಿನ ಆಕಾರದ ಗುಣಕ (ವೈಬುಲ್‌ನದಲ್ಲ) ಬದಲಾಗದು, 20 ಮಿಮೀ ಆಳ ಮುಟ್ಟಿದರೆ ಕೊನೆ ಎಂದಿಟ್ಟುಕೊಳ್ಳಿ. 1 ಮಿಮೀಯಿಂದ ಶುರುವಾದ ಬಿರುಕು 2 ಮಿಮೀ ಆಗುವಷ್ಟರಲ್ಲಿ ಆಯಸ್ಸಿನ ಶೇ. 38 ಕಳೆದಿರುತ್ತದೆ. 4 ಮಿಮೀ ಮುಟ್ಟುವಾಗ ಮೂರರಲ್ಲಿ ಎರಡು ಪಾಲು ಹೋಗಿರುತ್ತದೆ. ಇದರಿಂದ ಎರಡು ವಿಷಯ ತಿಳಿಯುತ್ತದೆ. ಮೊದಲ ಬಿರುಕಿನ ಗಾತ್ರವನ್ನು ಊಹಿಸಿ ಹಾಕಿದರೆ ಉತ್ತರವೂ ಊಹೆಯೇ. ಮತ್ತೆ, ನಿಮ್ಮ ತಪಾಸಣೆಯ ಉಪಕರಣಕ್ಕೆ 4 ಮಿಮೀಗಿಂತ ಚಿಕ್ಕ ಬಿರುಕು ಕಾಣದು ಎಂದಾದರೆ, ಉಳಿದ ಮೂರನೇ ಒಂದು ಪಾಲಿನೊಳಗೆ ಕನಿಷ್ಠ ಎರಡು ಸಲವಾದರೂ ನೋಡುವಂತೆ ಸರದಿ ಇಡಬೇಕು, ಒಂದು ಸಲ ಕಣ್ತಪ್ಪಿದರೂ ಇನ್ನೊಂದು ಸಲ ಸಿಗುವಂತೆ.

ಯಾರು ಯಾವುದನ್ನು ಹಿಡಿಯಬೇಕು

ಎಂ.ಟೆಕ್ ಪ್ರಾಜೆಕ್ಟಿನವರಿಗೆ ಲ್ಯಾಪ್‌ಟಾಪ್ ಬಿಟ್ಟು ಬೇರೇನೂ ಇರುವುದಿಲ್ಲ ಎಂದುಕೊಂಡೇ ಹೇಳುತ್ತೇನೆ. ಒಂದು ಚಿಕ್ಕ ಜಾಕೆಟ್ ಚೌಕಟ್ಟು ತೆಗೆದುಕೊಂಡು ಡಿಟರ್ಮಿನಿಸ್ಟಿಕ್ ಮತ್ತು ಸ್ಪೆಕ್ಟ್ರಲ್ ಎರಡನ್ನೂ ಪೈಥಾನ್‌ನಲ್ಲಿ ನೀವೇ ಬರೆಯಿರಿ. ಉತ್ತರಗಳು ಏಕೆ ಬೇರೆ ಬಂದವು ಎಂದು ಬಿಡಿಸಿ ಹೇಳಿದರೆ ಅದೇ ಒಳ್ಳೆಯ ಥೀಸಿಸ್. ರೈನ್‌ಫ್ಲೋ ಎಣಿಕೆಗೂ ಉಚಿತ ಲೈಬ್ರರಿ ಇದೆ, ಆದರೆ ಮೊದಲ ಇಪ್ಪತ್ತು ಸೈಕಲ್ಲುಗಳನ್ನು ಗ್ರಾಫ್ ಹಾಳೆಯ ಮೇಲೆ ಕೈಯಲ್ಲೇ ಎಣಿಸಿ. ಕಡಲಿನ ಗೊಂದಲ ಬೇಡವೆನಿಸಿದರೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ರೈಲುದಾರಿಯಲ್ಲಿ ನೂರಕ್ಕೂ ಹೆಚ್ಚು ಸೇತುವೆಗಳಿವೆ. ಉಕ್ಕಿನ ಗರ್ಡರಿನ ಮೇಲೆ ಗೂಡ್ಸ್ ರೈಲು ಹಾದಾಗ ಅಚ್ಚಿನ ಭಾರ, ಅಚ್ಚುಗಳ ಅಂತರ ಎರಡೂ ಗೊತ್ತಿರುತ್ತವೆ. ಎಸ್-ಎನ್ ಕರ್ವ್, ರೈನ್‌ಫ್ಲೋ, ಮೈನರ್ ಕೂಡಿಕೆ ಎಲ್ಲವೂ ಅಲ್ಲಿಗೂ ಹಾಗೇ ಹೊಂದುತ್ತವೆ. ಅಲ್ಲಿ ಕೈ ಪಳಗಿದ ಮೇಲೆ ಅಲೆಗೆ ಇಳಿಯಬಹುದು.

ಡಿಸೈನ್ ಆಫೀಸಿನಲ್ಲಿ ಹೊಸ ಜಾಕೆಟ್ ಮಾಡುತ್ತಿರುವವರ ಬಳಿ ಸ್ಯಾಕ್ಸ್‌ನಂಥ ಸಾಫ್ಟ್‌ವೇರ್ ಇರುತ್ತದೆ, ಅದರಲ್ಲಿ ಎರಡೂ ವಿಧಾನಗಳಿವೆ. ನಂಬುವಂಥ ಸ್ಕ್ಯಾಟರ್ ಡಯಾಗ್ರಾಂ ಇದ್ದರೆ ಸ್ಪೆಕ್ಟ್ರಲ್, ಇಲ್ಲದಿದ್ದರೆ ಆಳ ಕಡಿಮೆಯಿರುವಲ್ಲಿ ಎಚ್ಚರದಿಂದ ಆರಿಸಿದ ಅಲೆಗಳ ಡಿಟರ್ಮಿನಿಸ್ಟಿಕ್. ಆಳ ಹೆಚ್ಚಿ ಸಹಜ ಅವಧಿ 3 ಸೆಕೆಂಡು ದಾಟಿದರೆ ಮಾಹಿತಿ ತರಿಸಿಕೊಳ್ಳಲು ಹಟ ಹಿಡಿಯಿರಿ, ಅದಿಲ್ಲದೆ ಮುಂದೆ ಹೋಗಬೇಡಿ.

ವಿನ್ಯಾಸದ ಆಯಸ್ಸು ಮುಗಿದ ಪ್ಲಾಟ್‌ಫಾರಂ ಇನ್ನಷ್ಟು ವರ್ಷ ನಡೆಯುತ್ತದೆಯೇ ಎಂದು ನೋಡುವವರ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಲೆಕ್ಕದಲ್ಲಿ ಹಾನಿ 1 ದಾಟಿದ ಜಾಯಿಂಟ್ ಬಿರುಕಿಲ್ಲದೆ ನಿಂತಿರುವುದುಂಟು, ಸುರಕ್ಷಿತ ಎಂದು ತೋರಿದ್ದು ಸೀಳಿರುವುದೂ ಉಂಟು. ಇಲ್ಲಿ ಸ್ಪೆಕ್ಟ್ರಲ್ ಲೆಕ್ಕ ಜಾಯಿಂಟುಗಳನ್ನು ಸಾಲಾಗಿ ನಿಲ್ಲಿಸಿಕೊಡಲಿ. ಮುಂದಿನ ನಿಲುಗಡೆ ತಪಾಸಣೆಯ ಹಳೆಯ ಕಡತಗಳಲ್ಲಿ: ಡೈವರುಗಳು, ಆರ್‌ಒವಿಗಳು (ಮೇಲಿನಿಂದ ನಡೆಸುವ ನೀರೊಳಗಿನ ಯಂತ್ರಗಳು) ಏನು ಕಂಡರು, ಯಾವ ಕೊಳವೆಯೊಳಗೆ ನೀರು ನುಗ್ಗಿದೆ, ಆನೋಡು ಎಷ್ಟು ಉಳಿದಿದೆ. ಸಾಲಿನ ಮೊದಲ ಹತ್ತು ಹನ್ನೆರಡು ಜಾಯಿಂಟುಗಳಿಗೆ ಮಾತ್ರ ಫ್ರ್ಯಾಕ್ಚರ್ ಮೆಕ್ಯಾನಿಕ್ಸ್ ಮಾಡಿ, ಮುಂದಿನ ತಪಾಸಣೆ ಯಾವಾಗ ಎಂದು ನಿಗದಿ ಮಾಡಿ. ಹಣ ಒಂದೇ ಕೆಲಸಕ್ಕೆ ಸಾಲುತ್ತದೆ ಎಂಬ ಪರಿಸ್ಥಿತಿ ಬಂದರೆ, ಹೊಸ ಸಾಫ್ಟ್‌ವೇರ್ ಮಾಡ್ಯೂಲ್ ಕೊಳ್ಳುವ ಬದಲು ಆ ಕೆಲವು ಜಾಯಿಂಟುಗಳ ಫೈನೈಟ್ ಎಲಿಮೆಂಟ್ ಮಾದರಿ ಮಾಡಿ ಹಾಟ್ ಸ್ಪಾಟ್ ಸ್ಟ್ರೆಸ್ (ವೆಲ್ಡಿನ ಅಂಚಿನಲ್ಲಿ ಗುಡ್ಡೆಯಾಗುವ ಸ್ಟ್ರೆಸ್) ಸರಿಯಾಗಿ ತೆಗೆಸಿ. ಜೊತೆಗೆ, ಡ್ರಾಯಿಂಗ್‌ನಲ್ಲಿಲ್ಲದ ಏಣಿ, ಕೇಬಲ್ ಹಿಡಿಕೆ, ಉಪಕರಣದ ಬ್ರಾಕೆಟ್ ಏನೇನು ಆ ಬ್ರೇಸುಗಳಿಗೆ ಆಮೇಲೆ ಬೆಸೆದಿದ್ದಾರೆ ಎಂಬುದರ ಪಟ್ಟಿ ತರಿಸಿ, ಅವಕ್ಕೂ ಒಂದೊಂದು ಎಸ್-ಎನ್ ಕರ್ವ್ ಹಚ್ಚಿ ನೋಡಿ.